ಹಿಂಬಾಗಿಲ ಡಬ್ಬಿ

ಕೂಡ್ಲಿಗಿ
ಶುಕ್ರವಾರ, 6 ಡಿಸೆಂಬರ್ 2024

ಮಗಳು ಮೇಘಾಳಿಗೆ ನಿನ್ನ ಅವ್ವನ ಆಶೀರ್ವಾದ, ಜೊತೆಗೆ ಒಂದು ಸೌಟು ಸಿಟ್ಟು.

ಫೋನಿನಲ್ಲಿ ನೀನು ನನಗೆ ಮಾತು ಮುಗಿಸಲು ಬಿಡುವುದಿಲ್ಲ. “ಇಡ್ತೀನವ್ವಾ, ಕ್ಲಾಸ್ ಐತಿ” ಎಂದು ಇಟ್ಟೇಬಿಡುತ್ತೀಯ. ಕಾಗದವಾದರೆ ಪೂರ್ತಿ ಓದಲೇಬೇಕಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಬೆಳಗಿನ ಉಪ್ಪಿಟ್ಟು ಬಡಿಸಿ, ದಬರಿ ತೊಳೆದಿಟ್ಟು, ಹಾಸ್ಟೆಲಿನ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಿದ್ದೇನೆ. ಹದಿನಾರು ವರ್ಷದಿಂದ ಇಲ್ಲಿನ ಹುಡುಗಿಯರಿಗೆ ಅಡುಗೆ ಮಾಡುತ್ತಾ, ಇಂದಿನ ಊಟ ಏನೆಂದು ದಿನಾ ಕರಿಹಲಗೆಯ ಮೇಲೆ ಬರೆದು ಬರೆದು ನನ್ನ ಅಕ್ಷರ ದುಂಡಗಾಗಿದೆ. ಓದಲು ಬರಲಿಲ್ಲ ಎಂಬ ನೆಪ ನಡೆಯುವುದಿಲ್ಲ.

ನೀನು ಕಳಿಸಿದ ಅರ್ಜಿ ತಲುಪಿತು. ಹರಪನಹಳ್ಳಿಯ ಹಾಸ್ಟೆಲ್ ಬಿಡಲು ಒಪ್ಪಿಗೆ ಬೇಕೆಂದು ಬರೆದು, ಕೆಳಗೆ ತಾಯಿಯ ಸಹಿಗೆ ಜಾಗ ಬಿಟ್ಟಿದ್ದೀಯ. ಕಾರಣ ಎಂಬಲ್ಲಿ ‘ಊಟ ಒಗ್ಗುತ್ತಿಲ್ಲ’ ಎಂದಿದೆ. ಹುಟ್ಟಿದಾಗಿನಿಂದ ನಾನು ಮಾಡಿ ಹಾಕಿದ್ದನ್ನು ಉಂಡವಳಿಗೆ, ಬೇಯದ ಮುದ್ದೆಯನ್ನೂ ಬಿಡದವಳಿಗೆ, ಊಟ ಒಗ್ಗುತ್ತಿಲ್ಲವಂತೆ. ಓದಿ ನಕ್ಕೆ. ಆಮೇಲೆ ನಗು ಬರಲಿಲ್ಲ.

ನಿನ್ನ ರೂಮಿನ ಸಮತಾ ಬುಧವಾರ ಫೋನ್ ಮಾಡಿದ್ದಳು. ಅವಳ ಜೊತೆ ಜಗಳ ತೆಗೆಯಬೇಡ, ಅವಳು ಹೇಳದಿದ್ದರೆ ನನಗೆ ತಿಳಿಸುವವರು ಯಾರು? ಎರಡು ವಾರದಿಂದ ನೀನು ಊಟದ ಹಾಲಿಗೆ ಕಾಲಿಟ್ಟಿಲ್ಲವಂತೆ. ಬನ್ನು, ಬಿಸ್ಕತ್ತು, ಚಹಾ. ಮೊನ್ನೆ ಲ್ಯಾಬಿನಲ್ಲಿ ಕಣ್ಣು ಕತ್ತಲೆ ಬಂದು ಕುರ್ಚಿ ಹಿಡಿದು ಕೂತೆಯಂತೆ. ನೂರು ಮಕ್ಕಳಿಗೆ ಎರಡು ಹೊತ್ತು ಬೇಯಿಸಿ ಹಾಕುವವಳು ನಾನು, ಮೇಘಾ; ನನ್ನ ಮಗಳು ಅಲ್ಲಿ ಬನ್ನು ತಿಂದು ಮಲಗುತ್ತಾಳೆ.

ಕಾರಣವನ್ನೂ ಅವಳೇ ಹೇಳಿದಳು, ತಡೆದು ತಡೆದು. ನೀನು ನಂಬಿದ ಒಬ್ಬಳ ಹತ್ತಿರ, ಚಿಕ್ಕಂದಿನಲ್ಲಿ ಅವ್ವನ ಹಾಸ್ಟೆಲಿನಲ್ಲಿ ಉಳಿದ ಊಟವನ್ನು ಡಬ್ಬಿಯಲ್ಲಿ ತಿಂದು ಬೆಳೆದೆ ಎಂದು ಹೇಳಿಕೊಂಡೆಯಂತೆ. ಅವಳು ಅದನ್ನು ಹತ್ತು ಜನಕ್ಕೆ ಹಂಚಿದಳು. ಊಟದ ಸಾಲಿನಲ್ಲಿ ಯಾರೋ “ಇಕಿಗೇನು, ಉಳಿದಿದ್ದು ಉಂಡು ಬೆಳದಾಕಿ, ಏನ್ ಹಾಕಿದ್ರೂ ತಿಂತಾಳ” ಅಂದರು, ಹಿಂದಿನವರು ನಕ್ಕರು. ನೀನು ತಟ್ಟೆ ಅಲ್ಲಿಯೇ ಇಟ್ಟು ಬಂದೆ.

ಹರಪನಹಳ್ಳಿಗೆ ದಿನಾ ಬಸ್ಸಿನಲ್ಲಿ ಓಡಾಡುತ್ತೇನೆ ಎನ್ನುತ್ತೀಯ. ಐದಕ್ಕೆ ಪ್ರಾಕ್ಟಿಕಲ್ ಮುಗಿಸಿ, ಬಸ್ಸಿಗೆ ಕಾದು, ಮನೆ ಸೇರಿ ಓದುವುದು ಯಾವಾಗ? ಒಂದು ತಿಂಗಳು ಓಡಾಡುತ್ತೀಯ. ಎರಡನೆಯ ತಿಂಗಳು ಕಾಲೇಜು ಸಾಕು ಎನ್ನುತ್ತೀಯ. ಹಾಗೆ ಹಾಸ್ಟೆಲ್ ಬಿಟ್ಟು, ಹಿಂದೆಯೇ ಓದೂ ಬಿಟ್ಟ ಹುಡುಗಿಯರನ್ನು ನಾನು ಇದೇ ಮೆಟ್ಟಿಲಿನಿಂದ ಕಳಿಸಿಕೊಟ್ಟಿದ್ದೇನೆ. ನಿನ್ನನ್ನು ಆ ಸಾಲಿಗೆ ಸೇರಿಸಲು ನನ್ನಿಂದ ಆಗುವುದಿಲ್ಲ. ಆದ್ದರಿಂದ ಅರ್ಜಿಯನ್ನು ಸಹಿ ಹಾಕದೆ ವಾಪಸು ಕಳಿಸುತ್ತಿದ್ದೇನೆ.

ಒಂದು ವಾರ ಮಾತ್ರ ನಾನು ಹೇಳಿದ ಹಾಗೆ ಉಣ್ಣು. ಹಾಸ್ಟೆಲಿನ ಊಟ ಒಲೆಯ ಈಚೆಯಿಂದ ಹೇಗೆ ಕಾಣುತ್ತದೆಂದು ನಿನಗೆ ಯಾರೂ ಹೇಳಿಲ್ಲ.

ಗಂಟೆ ಹೊಡೆದ ಕೂಡಲೇ ಹೋಗು. ಸಾಲು ಕರಗಲಿ ಎಂದು ಕಾಯುವವರಿಗೆ ಸಿಗುವುದು ಆರಿದ ಅನ್ನ, ಅಡುಗೆಯವಳ ಆರಿದ ಮುಖ. ಸಾರು ಹಾಕುವಾಗ “ತಳದಿಂದ ತಿರುವಿ ಹಾಕ್ರಿ” ಅನ್ನು, ಬೇಳೆ ತರಕಾರಿ ಎಲ್ಲ ಅಡಿಯಲ್ಲೇ ಕೂತಿರುತ್ತವೆ. ಮೇಲಿನ ನೀರು ಹಾಕಿಸಿಕೊಂಡು ಬಂದು ಸಾರು ತೆಳ್ಳಗೆ ಎಂದು ಮೂಗು ಮುರಿಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮೊಟ್ಟೆ ಕೊಡುವ ದಿನ ತಪ್ಪಿಸಬೇಡ. ಮಂಡಕ್ಕಿ ಒಗ್ಗರಣೆಯ ದಿನವಂತೂ ತಡ ಮಾಡಲೇಬೇಡ, ಕಾಲು ಗಂಟೆಗೆ ಮೆತ್ತಗಾಗುತ್ತದೆ. ಬಾಳೆಹಣ್ಣು ಕೊಟ್ಟರೆ ಚೀಲಕ್ಕೆ ಹಾಕಿಕೋ, ನಾಲ್ಕು ಗಂಟೆಯ ಹಸಿವಿಗೆ ಬನ್ನಿಗಿಂತ ಅದು ಮೇಲು. ತಿಂಗಳಿಗೊಮ್ಮೆ ಊಟದ ಪಟ್ಟಿ ಮಾಡಲು ಹುಡುಗಿಯರನ್ನು ಕರೆಯುತ್ತಾರಲ್ಲ, ಅಲ್ಲಿಗೆ ಹೋಗಿ ಕೂಡು. ಹೋಗದವರು ವರ್ಷವಿಡೀ ಗೊಣಗುತ್ತಾರೆ, ಹೋದವರ ಇಷ್ಟದ ಪಲ್ಯ ವಾರಕ್ಕೊಮ್ಮೆ ಬರುತ್ತದೆ.

ಅಲ್ಲಿ ಅಡುಗೆ ಮಾಡುವವರ ಹೆಸರು ಅಂಜಿನಕ್ಕ ಅಂತೆ. ನಿನಗೆ ಗೊತ್ತಿತ್ತೇ? ಅರ್ಧ ವರ್ಷ ಅವರ ಕೈಯ ಊಟ ಉಂಡು ಹೆಸರು ಕೇಳದಿದ್ದರೆ, ಅದೂ ನನ್ನ ಮಗಳು, ನಾನು ಏನು ಹೇಳಲಿ. ಸಾರು ಚೆನ್ನಾಗಿದ್ದ ದಿನ ಸುಮ್ಮನೆ “ಅಂಜಿನಕ್ಕ, ಇವತ್ತಿನ ಸಾರು ಚಲೋ ಆಗೈತ್ರಿ” ಅನ್ನು. ಚೆನ್ನಾಗಿಲ್ಲದ ದಿನ ಸುಳ್ಳು ಹೇಳಬೇಡ, ಅಡುಗೆಯವರಿಗೆ ತಿಳಿಯುತ್ತದೆ. ನಾಲ್ಕೈದು ವರ್ಷದ ಹಿಂದೆ ನನ್ನ ಕೈಯಲ್ಲೂ ಒಮ್ಮೆ ಬೇಳೆ ತಳ ಹಿಡಿದು, ದಬರಿಯ ಸಾರೆಲ್ಲ ಸೀದ ವಾಸನೆ ಹೊಡೆಯಿತು. ಹುಡುಗಿಯರು ತಟ್ಟೆ ಬಿಟ್ಟು ಎದ್ದರು. ನಾನು ಒಲೆಯ ಮುಂದೆ ತಲೆ ತಗ್ಗಿಸಿ ಕೂತುಬಿಟ್ಟೆ. ಹೊಳಲು ಕಡೆಯ ಒಬ್ಬ ಹುಡುಗಿ ಅಡುಗೆಮನೆಯ ಬಾಗಿಲಿಗೆ ಬಂದು, “ಅಕ್ಕಾ, ಮಜ್ಜಿಗಿ ಐತೇನ್ರಿ? ಅನ್ನಕ್ಕ ಕಲಸ್ಕೊಂತೀನಿ. ನೀವೂ ಉಣ್ರಿ, ಅಳಬ್ಯಾಡ್ರಿ” ಅಂದಳು. ಅವಳ ಜೊತೆಯವರ ಮುಖಗಳೆಲ್ಲ ಮರೆತುಹೋಗಿವೆ, ಅವಳದು ನೆನಪಿದೆ.

ಪಕ್ಕದ ಮನೆಯ ಗೀತಮ್ಮ ನಾಳೆ ಹರಪನಹಳ್ಳಿಗೆ ತಂಗಿಯ ಮನೆಗೆ ಹೊರಟಿದ್ದಾಳೆ. ಅವಳ ಕೈಯಲ್ಲಿ ಈ ಕಾಗದ, ನಿನ್ನ ಅರ್ಜಿ ಮತ್ತು ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ಕಳಿಸುತ್ತಿದ್ದೇನೆ. ಚಟ್ನಿಪುಡಿಯನ್ನು ರೂಮಿನಲ್ಲಿ ಬಚ್ಚಿಟ್ಟು ಒಬ್ಬಳೇ ತಿನ್ನಬೇಡ. ಊಟದ ಹಾಲಿಗೆ ಒಯ್ದು ಮೇಜಿನ ನಡುವೆ ಇಡು. ಆ ಮಾತು ಆಡಿದವಳೂ ಕೈ ಚಾಚಿದರೆ ಒಂದು ಚಮಚ ಹಾಕು. ನಮ್ಮ ಮನೆಯ ಖಾರ ಅವಳಿಗೂ ಗೊತ್ತಾಗಲಿ.

ಡಬ್ಬಿಯ ಗುರುತು ನಿನಗೆ ಹತ್ತುತ್ತದೆ. ಬುಡ ತಗ್ಗಾದ ಅದೇ ಸ್ಟೀಲ್ ಡಬ್ಬಿ. ಶಾಲೆ ಬಿಟ್ಟ ಕೂಡಲೇ ನೀನು ಸೀದಾ ಇಲ್ಲಿಗೆ ಬಂದು ಲಂಗ ಮುದುರಿಕೊಂಡು ಇದೇ ಮೆಟ್ಟಿಲ ಮೇಲೆ ಕಾಯುತ್ತಿದ್ದೆ. ಒಳಗೆ ಸಂಜೆಯ ಗಂಟೆ ಹೊಡೆಯುವ ಹೊತ್ತಿಗೆ ನಾನು ಡಬ್ಬಿ ತಂದು ಕೊಡುತ್ತಿದ್ದೆ, ನೀನು ಲಂಗದ ಅಂಚಿನಲ್ಲಿ ಹಿಡಿದುಕೊಂಡು ಮನೆಗೆ ಓಡುತ್ತಿದ್ದೆ. ನಾಲ್ಕನೆಯ ತರಗತಿಯಲ್ಲಿದ್ದಾಗ ಒಂದು ದಿನ “ಅವ್ವಾ, ಇವತ್ತೂ ಉಳದೈತೇನು?” ಎಂದು ಕೇಳಿದೆ. “ಬೇಕಾದಷ್ಟು ಉಳದೈತಿ, ಉಣ್ಣು ಹೋಗು” ಅಂದೆ. ನೀನು ಮತ್ತೆಂದೂ ಕೇಳಲಿಲ್ಲ.

ನಿಮ್ಮಪ್ಪ ಕುರಿ ಹಿಂಡಿನ ಜೊತೆ ಹಡಗಲಿ ಕಡೆ ಇದ್ದಾರೆ, ಬರುವುದು ಇನ್ನೂ ಹದಿನೈದು ದಿನ. ಅರ್ಜಿಯ ವಿಷಯ ಅವರಿಗೆ ಹೇಳಿಲ್ಲ. ಮೇಘಾ ಹೇಗೆ ಅದಾಳ ಎಂದು ಫೋನಿನಲ್ಲಿ ಕೇಳಿದರು. ಚೆನ್ನಾಗಿ ಉಂಡು ಓದುತ್ತಿದ್ದಾಳೆ ಅಂದೆ. ನನ್ನ ಮಾತನ್ನು ನಿಜ ಮಾಡುವುದು ನಿನಗೆ ಬಿಟ್ಟದ್ದು. ವಾರ ಕಳೆದ ಮೇಲೂ ಮನಸ್ಸು ಒಪ್ಪದಿದ್ದರೆ ಹೇಳು, ನಾನೇ ಬಂದು ನಿನ್ನ ಪಕ್ಕ ಕೂತು ಒಂದು ಊಟ ಉಂಡು, ಆಮೇಲೆ ಸಹಿ ಹಾಕುತ್ತೇನೆ.

ಸದ್ಯಕ್ಕೆ ನನ್ನ ಸಹಿ ಈ ಕಾಗದದ ಕೆಳಗೆ ಮಾತ್ರ.

ಇಲ್ಲಿ ಗಂಟೆ ಹೊಡೆದಾಗಲೆಲ್ಲ ಅಲ್ಲಿ ನಿನ್ನ ತಟ್ಟೆ ನೆನೆಯುವ
ನಿನ್ನ ಅವ್ವ
ಓಬಮ್ಮ

ತಾ.ಕ.: ಕಾಗದ ಮಡಿಸಿದ ಮೇಲೆ ಮತ್ತೆ ಬಿಚ್ಚಿದೆ. ಒಂದು ಸುಳ್ಳು ಹೇಳಿದ್ದೆ, ಅದು ನಿನ್ನ ಹೊಟ್ಟೆಗೇ ಹೊಡೆಯುತ್ತಿದೆ, ಇನ್ನು ಮುಚ್ಚಿಡಲಾರೆ. ನಮ್ಮ ಹಾಸ್ಟೆಲಿನಲ್ಲಿ ಗಂಟೆ ಹೊಡೆಯುವ ಮೊದಲು ವಾರ್ಡನ್ ರುಚಿ ನೋಡುತ್ತಾರೆ, ಆಮೇಲೆ ಅಡುಗೆಯವರ ಊಟ ತೆಗೆದಿಡುತ್ತಾರೆ. ನೂರು ಮಕ್ಕಳು ಉಂಡ ಮೇಲೆ ಏನಾದರೂ ಸಿಕ್ಕೀತೆಂಬ ನಂಬಿಕೆ ಇಲ್ಲ, ಅದಕ್ಕೆ ಆ ಪದ್ಧತಿ. ನನ್ನ ಪಾಲಿನ ಆ ಮೊದಲ ಸೌಟು ನಿನ್ನ ಡಬ್ಬಿಗೆ ಹೋಗುತ್ತಿತ್ತು. ಉಳಿದಿದ್ದರೆ ಉಳಿದದ್ದನ್ನು ಉಂಡವಳು ನಾನು. ಅದು ಅವ್ವನ ಊಟ ಎಂದು ತಿಳಿದಿದ್ದರೆ ನೀನು ಮುಟ್ಟುತ್ತಿರಲಿಲ್ಲ, ನಿನ್ನ ಹಟ ನನಗೆ ಗೊತ್ತಿಲ್ಲವೇ. ವಿಜ್ಞಾನ ಓದುವವಳು ನೀನೇ ಯೋಚಿಸು, ಡಬ್ಬಿಯನ್ನು ಲಂಗದ ಅಂಚಿನಲ್ಲಿ ಯಾಕೆ ಹಿಡಿಯುತ್ತಿದ್ದೆ? ಕೈ ಸುಡುತ್ತಿತ್ತು, ಮಗಳೇ. ಉಳಿದ ಊಟ ಕೈ ಸುಡುವುದಿಲ್ಲ.