ಹೊಳೆ ದಾಟದ ಚಿಗರಿ

ನಾರಾಯಣಪೇಟೆ
ಶ್ರಾವಣ ಬಹುಳ ಪಂಚಮಿ, ೧೯೪೮

ಯಜಮಾನರ ಪಾದಗಳಿಗೆ ಸುಶೀಲೆಯ ನಮಸ್ಕಾರಗಳು.

ನಿಮ್ಮ ಮೊಣಕಾಲು ನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತೀರೋ, ಸೀಸೆ ಚೀಲದಲ್ಲೇ ಉಳಿದಿದೆಯೋ? ಇಲ್ಲಿ ಅತ್ತೆಯವರು ಆರಾಮವಾಗಿದ್ದಾರೆ. ಮಗುವಿಗೆ ಎರಡು ಹಲ್ಲು ಬಂದಿವೆ, ಸಿಕ್ಕವರ ಬೆರಳು ಕಚ್ಚುತ್ತದೆ.

ಸರ್ಕಾರಿ ಬೇಟೆಯ ಕಾಡು ನೋಡಿಕೊಳ್ಳುವ ಶಿಕಾರಖಾನೆಯ ಗುಮಾಸ್ತರ ಹೆಂಡತಿಯಾಗಿ ಈ ಒಂಬತ್ತು ವರ್ಷದಲ್ಲಿ ಚಿಗರಿಗಳ ಓಡಾಟ ನನಗೂ ಸ್ವಲ್ಪ ಗೊತ್ತು. ಮಳೆ ಬಿದ್ದು ಹುಲ್ಲು ಬಂದರೆ ದೊಡ್ಡ ಹಿಂಡು ಒಡೆದು ನಾಲ್ಕೈದರ ಗುಂಪಾಗಿ ಚದುರುತ್ತದೆ, ದೂರ ಹೋಗುವುದಿಲ್ಲ ಎಂದವರು ನೀವೇ. ಈಗ ನೋಡಿದರೆ ಹಿಂಡು ಕೃಷ್ಣೆ ದಾಟಿತು, ಹೆಜ್ಜೆ ಹಿಡಿದು ಗದ್ವಾಲಕ್ಕೆ ಬಂದಿದ್ದೇನೆ ಎಂದು ಬರೆದಿದ್ದೀರಿ. ಕಾವಲುಗಾರ ಯಲ್ಲಯ್ಯನನ್ನು ಕೇಳಿದೆ. "ಅವ್ವಾರ, ಆ ಮೋಟಕೊಂಬಿನ ಗಂಡು ಚಿಗರಿ ಹಿಂಡಿನ ಸಮೇತ ಈಚೀ ದಂಡಿ ಮಕ್ತಲ್ ಹೊಲದಾಗ ಐತ್ರಿ. ತುಂಬಿದ ಹೊಳಿ ದಾಟಾಕ ಅದಕ್ಕೇನು ಹುಚ್ಚೇನ್ರಿ?" ಎಂದು ನಕ್ಕ. ನನಗೆ ನಗು ಬರಲಿಲ್ಲ.

ಇನ್ನೊಂದು ಮಾತು. ಗದ್ವಾಲದ ಜಯತೀರ್ಥಾಚಾರ್ಯರ ಮನೆಯಲ್ಲಿ ಇಳಿದಿದ್ದೇನೆ, ದಿನಾ ಮೊಸರನ್ನ ಬಡಿಸುತ್ತಾರೆ ಎಂದೂ ಬರೆದಿದ್ದೀರಿ. ಚಾತುರ್ಮಾಸ್ಯದ ಈ ತಿಂಗಳು ನಮ್ಮವರು ಮೊಸರು ಮುಟ್ಟುತ್ತಾರೆಯೇ? ಅದೂ ಆಚಾರ್ಯರ ಮನೆಯಲ್ಲಿ? ವ್ರತವಿಲ್ಲದ ಯಾವ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದೀರಿ? ಮೊದಲು ಯಾವಳೋ ಇದ್ದಾಳೆಂದು ಎರಡು ದಿನ ಕಣ್ಣೀರು ಹಾಕಿದೆ. ಆಮೇಲೆ ನಿಜಾಮನ ವಿರುದ್ಧ ಗಡಿಯಾಚೆ ಕರ್ನೂಲಿನಲ್ಲಿ ನಡೆದಿರುವ ಶಿಬಿರದ ನೆನಪಾಯಿತು. ಯಾವುದಕ್ಕೆ ಹೆಚ್ಚು ಹೆದರಬೇಕೋ ತಿಳಿಯದು. ನನಗೆ ಹೇಳಿ ಹೋಗಬಹುದಿತ್ತು. ಹೇಳದೆ ಹೋದದ್ದೇ ನೋವು.

ಈ ಪತ್ರವನ್ನು ನೇಕಾರ ಮಾರ್ಕಂಡೇಯ ಸೀರೆ ಗಂಟಿನಲ್ಲಿ ತರುತ್ತಾನೆ. ಗದ್ವಾಲದಲ್ಲಿ ನೀವು ಸಿಗದಿದ್ದರೆ ಅಲಂಪುರದಲ್ಲಿ ನಿಮ್ಮ ತಂಗಿ ಅಂಬಾಬಾಯಿಗೆ ಕೊಡುತ್ತಾನೆ. ಅತ್ತೆಯವರ ಆಶೀರ್ವಾದ. ಎಲ್ಲಿದ್ದರೂ ರಾಯರು ಕಾಯಲಿ.

ನಿಮ್ಮ
ಸುಶೀಲಾಬಾಯಿ

ತಾ.ಕ.: ಪತ್ರ ಮಡಿಸುವಾಗ ಪೊಲೀಸ್ ಅಮೀನರು ಬಂದರು. ಖಾನೆಯವರು ನಿಮ್ಮನ್ನು ಎಲ್ಲಿಗೂ ಕಳಿಸಿಲ್ಲವಂತೆ. "ಗುಮಾಸ್ತರು ಎಲ್ಲದಾರ, ಖರೇ ಹೇಳ್ರಿ" ಎಂದು ಅತ್ತೆಯವರ ಮೇಲೆ ಕೂಗಾಡಿದರು. ನೀವು ಬರೆದದ್ದನ್ನೇ ಹೇಳಿಬಿಟ್ಟೆ: ಗದ್ವಾಲ, ಆಚಾರ್ಯರ ಮನೆ. ನೀವು ಅಲ್ಲಿಲ್ಲ, ಅದು ಸುಳ್ಳೆಂದು ನಂಬಿಯೇ ಹೇಳಿದೆ. ಮೂವರು ಆ ಕಡೆ ಹೊರಟಿದ್ದಾರೆ. ಅವರಿಗಿಂತ ಮೊದಲು ಹರಿಗೋಲು ಹಿಡಿ ಎಂದು ಮಾರ್ಕಂಡೇಯನ ಕಾಲು ಹಿಡಿದಿದ್ದೇನೆ. ಈ ಪತ್ರ ನಿಮಗೆ ಗದ್ವಾಲದಲ್ಲೇ ಸಿಕ್ಕರೆ ನೀವು ಬರೆದದ್ದು ನಿಜ, ಹಿಡಿದುಕೊಟ್ಟವಳು ನಾನು. ಓದುತ್ತ ನಿಲ್ಲಬೇಡಿರಿ, ಹೊರಡಿರಿ.