ಹೆಸರೊಂದನ್ನು ಬಿಟ್ಟು

ಜೂನ್ ೧೪, ರಾತ್ರಿ ಹನ್ನೊಂದು.

ಇವತ್ತು ಕಾಲೇಜಿನ ಸಭಾಂಗಣದಲ್ಲಿ ಅಕ್ಕನ ಭಾಷಣವಿತ್ತು. ದೊಡ್ಡಮ್ಮನ ಮಗಳಾದರೂ ನನಗೆ ಸ್ವಂತ ಅಕ್ಕನೇ. ತನ್ನ ಸಂಶೋಧನೆಗೆಂದು, ಯುವಜನರಲ್ಲಿ ಹತೋಟಿ ಮೀರಿದ ಕಾಮವನ್ನು ಅಳೆಯಲು ಪ್ರಶ್ನೆಗಳನ್ನು ಬರೆದಿದ್ದಾಳೆ. ನಾನು ಅಲ್ಲಿನ ಅಟೆಂಡರ್. ಮೈಕ್ ಹಿಡಿದು ಗೋಡೆಗೊರಗಿ ನಿಂತಿದ್ದೆ.

ಆ ಪ್ರಶ್ನೆಗಳನ್ನು ಮೊದಲು ಓದಿ ಹೇಳಿದ್ದು ನನಗೇ. "ಉತ್ತರ ಬೇಡ ಕಣೋ, ಪ್ರಶ್ನೆ ಅರ್ಥ ಆಗುತ್ತಾ, ಅಷ್ಟೇ ಹೇಳು" ಅಂದಿದ್ದಳು. 'ನಿಲ್ಲಿಸಬೇಕೆಂದರೂ ನಿಲ್ಲಿಸಲಾಗಲಿಲ್ಲವೇ' ಎಂಬ ಪ್ರಶ್ನೆಗೆ ಬಂದಾಗ ನಾನು ಉತ್ತರವನ್ನೇ ಹೇಳಿಬಿಟ್ಟೆ. ಅಮ್ಮ ಹೋದ ಮೇಲೆ ಖಾಲಿ ಮನೆಗೆ ಮರಳಲಾರದೆ ಗುರುತಿಲ್ಲದವರ ಕೋಣೆಗಳಲ್ಲಿ ಮಲಗಿದ್ದು, ಸುಖವಿಲ್ಲದಿದ್ದರೂ ಮತ್ತೆ ಮತ್ತೆ ಹೋದದ್ದು. ನನ್ನ ಕೈ ಹಿಡಿದು ಅತ್ತಳು.

ಇವತ್ತು ಅದನ್ನೇ ಉದಾಹರಣೆ ಕೊಟ್ಟಳು. "ಒಬ್ಬ ಹುಡುಗ, ಇಲ್ಲೇ ಕೆಲಸ ಮಾಡ್ತಾನೆ, ಈಚೆಗೆ ತಾಯಿ ತೀರಿಕೊಂಡ್ರು..."

"ಭಲೇ, ದುಃಖ ಮರೆಯೋಕೆ ಒಳ್ಳೇ ದಾರಿ!" ಎಂದರು ಪ್ರಾಂಶುಪಾಲರು. ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು.

ಹೊರಗೆ ಬಂದಾಗ, ನನ್ನ ವಿಷಯ ಯಾಕೆ ಹೇಳಿದೆ ಅಂತ ಅಕ್ಕನನ್ನು ಕೇಳಿದೆ. "ನಾನೆಲ್ಲಿ ನಿನ್ನ ಹೆಸರು ಹೇಳಿದ್ನೋ?" ಅಂದಳು.

ಅವತ್ತು ಅಮ್ಮನಿಗಾಗಿ ಅತ್ತಳು ಅಂದುಕೊಂಡಿದ್ದೆ. ನನ್ನ ಜೊತೆ ಅಳುವವಳು ಒಬ್ಬಳಾದರೂ ಇದ್ದಾಳೆ ಅಂತ...

ನಾಳೆಯೂ ಸಭೆಯಿದೆ. ಒಂಬತ್ತಕ್ಕೆ ಬಾಗಿಲು ತೆಗೆದು ಎಲ್ಲರನ್ನೂ ಕೂರಿಸಬೇಕಾದವನು ನಾನೇ.