ಕತ್ತಲ ಮೆಟ್ಟಿಲಲ್ಲಿ ನಿನ್ನ ಹೂಂ

ಕತೆ ಹೇಳಿ ಮಲಗಿಸಿದ ನನ್ನ ಅಜ್ಜಿಗೆ,

ಊರ ಜಗುಲಿಯಲ್ಲಿ ನಿನ್ನ ತೊಡೆಯ ಮೇಲೆ ತಲೆಯಿಟ್ಟು ಕತೆ ಕೇಳುತ್ತಿದ್ದೆನಲ್ಲ, ನೆನಪಿದೆಯಾ? ಎರಡು ಮಾತಿಗೊಮ್ಮೆ ನಾನು ಹೂಂ ಅನ್ನಲೇಬೇಕು. ಅನ್ನದಿದ್ದರೆ ಕತೆ ಅಲ್ಲಿಗೇ ನಿಲ್ಲುತ್ತಿತ್ತು. "ಹೂಂ ನಿಂತ್ರೆ ಕೇಳೋನು ನಿದ್ದೆ ಊರಿಗೆ ಹೋದ ಅಂತ ಕಣ್ಲಾ" ನೀನು ಅನ್ನುತ್ತಿದ್ದೆ. ಹಾಗಾಗಿ ಏಳುಪ್ಪರಿಗೆಯ ರಾಜಕುಮಾರಿ ಯಾವತ್ತೂ ನೆಲ ಮುಟ್ಟಲೇ ಇಲ್ಲ. ಅವಳು ಅರ್ಧ ಇಳಿಯುವಷ್ಟರಲ್ಲಿ ನಾನು...

ಮೊನ್ನೆ ಮಧ್ಯಾಹ್ನ ನಾನೇ ಏಳುಪ್ಪರಿಗೆಯಲ್ಲಿದ್ದೆ ಅಜ್ಜಿ. ಮೇಟಗಳ್ಳಿಯ ನಮ್ಮ ಅಪಾರ್ಟ್‌ಮೆಂಟಿನ ಏಳನೇ ಮಹಡಿ. ಮಹಡಿಯ ಆ ತುದಿಯ ಮನೆಯೊಂದರ ಅಡುಗೆಮನೆಗೆ ಬೆಂಕಿ ಬಿತ್ತು, ಕರೆಂಟು ಹೋಯಿತು. ಲಿಫ್ಟ್ ಹತ್ತುವಂತಿಲ್ಲ, ಆ ಕಡೆಯ ಮೆಟ್ಟಿಲ ತುಂಬ ಹೊಗೆ. ಈ ಕಡೆಯದರಲ್ಲಿ ಹೊಗೆಯಿರಲಿಲ್ಲ, ಕಿಟಕಿಯೂ ಇರಲಿಲ್ಲ. ಗವಿಯಂಥ ಕತ್ತಲು. ಮೊಬೈಲಿನ ಬೆಳಕು ಮುಂದಿನವರ ಬೆನ್ನಿಗಷ್ಟೇ ಸಾಲುತ್ತಿತ್ತು. ಮಹಡಿಯವರೆಲ್ಲ ಅಲ್ಲಿ ಸೇರಿದ್ದೆವು, ಇಳಿಯಲು ಯಾರಿಗೂ ಕಾಲು ಏಳಲಿಲ್ಲ. ಆಗ ನನ್ನ ಬಾಯಿಗೆ ನೀನು ಬಂದೆ.

"ಒಂದೂರಲ್ಲಿ ಒಬ್ಬ ರಾಜಕುಮಾರಿ. ಎಲ್ಲರೂ ಹೂಂ ಅನ್ನಿ!"

"ಬೆಂಕಿ ಬಿದ್ದಾಗ ಕತೆ ಏನ್ರೀ?" ಎಂದು ಎದುರುಮನೆ ಮೇಷ್ಟ್ರು ರೇಗಿದರು. ರೇಗುತ್ತಲೇ ಹೂಂ ಅಂದರು.

ರಾಜಕುಮಾರಿ ಒಂದೊಂದು ಉಪ್ಪರಿಗೆಯಲ್ಲೂ ಒಂದೊಂದು ಒಡವೆ ಬಿಟ್ಟು ಇಳಿಯುತ್ತಾಳಲ್ಲ, ಹಾಗೇ ನಾವೂ ಒಂದೊಂದೇ ಮಹಡಿ ಇಳಿದೆವು. ಕತ್ತಲಲ್ಲಿ ಹೂಂಗಳು ಮಿಂಚುಹುಳುಗಳ ಹಾಗೆ ತೇಲುತ್ತಿದ್ದವು. ಎಲ್ಲಕ್ಕಿಂತ ಹಿಂದೆ, ಮೂಗಿನಲ್ಲೇ ರಾಗ ಎಳೆಯುವ ಪಕ್ಕದ ಮನೆ ಜಯಮ್ಮನ ಹೂಂ. ಐದನೇ ಉಪ್ಪರಿಗೆಯಲ್ಲಿ ಮೂಗುತಿ ಬಿಟ್ಟಳು ಅಂದೆ. ಆ ಹೂಂ ಬರಲಿಲ್ಲ.

ಕತೆ ನಿಲ್ಲಿಸಿದೆ. ಮಿಕ್ಕವರನ್ನು ಮೇಷ್ಟ್ರಿಗೆ ಒಪ್ಪಿಸಿ ಮೇಲಕ್ಕೆ ಓಡಿದೆ. ಮೆಟ್ಟಿಲ ಬಾಗಿಲ ಸಂದಿಯಿಂದ ಹೊಗೆ ಈ ಕಡೆಗೂ ನುಸುಳತೊಡಗಿತ್ತು. ಜಯಮ್ಮ ಮೆಲ್ಲಗೆ ವಾಪಸ್ಸು ಹತ್ತುತ್ತಿದ್ದರು, ಕೈಯಲ್ಲಿ ಬೀಗ.

"ಬಾಗ್ಲಿಗೆ ಬೀಗ ಹಾಕ್ದೆ ಬಂದ್ಬುಟ್ಟೆ ಕಣಪ್ಪ!"

"ರಾಜಕುಮಾರಿ ಮೂಗುತೀನೇ ಬುಟ್ಟು ಇಳಿದ್ಲು. ನಿಮಗೆ ಬಾಗ್ಲು ಬುಡಕ್ಕಾಗಲ್ವ?"

ಅವರು ಕೆಮ್ಮುತ್ತಾ ನನ್ನ ಭುಜ ಹಿಡಿದರು. "ಆಮೇಲೆ ಏನ್ ಬುಟ್ಲು?"

ಹೇಳುತ್ತಾ ಹೇಳುತ್ತಾ ಅವರನ್ನು ಹೆಗಲಿಗೆ ಆನಿಸಿಕೊಂಡು ಇಳಿದೆ. ಹೊರಗೆ ಬಿಸಿಲು ಹಾಲಿನಂತೆ ಸುರಿಯುತ್ತಿತ್ತು. ಎಲ್ಲರೂ ಅಲ್ಲಿದ್ದರು. "ಕತೆ ಮುಗಿಸ್ರೀ ಮತ್ತೆ!" ಅಂದರು ಮೇಷ್ಟ್ರು. ನನಗೆ ಕೊನೆ ಗೊತ್ತಿದ್ದರೆ ತಾನೆ?

ಹಾಗಾಗಿ ನಾನೇ ಕಟ್ಟಿದೆ ಅಜ್ಜಿ. ಒಡವೆಯೆಲ್ಲ ಬಿಟ್ಟವಳು ಬರಿಗಾಲಲ್ಲಿ ನೆಲ ಮುಟ್ಟುತ್ತಾಳೆ. ಕೆಳಗೆ ಯಾರೋ ಕಾದು ಕೂತಿರುತ್ತಾರೆ. ಯಾರು ಅಂತ ಜಯಮ್ಮ ಕೇಳಿದರು. ಅವಳ ಅಜ್ಜಿ ಅಂದೆ.

ತಪ್ಪಿದ್ದರೆ ಕನಸಿಗೆ ಬಂದು ತಿದ್ದು. ಈ ಸಲ ನಿದ್ದೆಯೊಳಗಿಂದಲೂ ಹೂಂ ಅನ್ನುತ್ತೇನೆ.